ಉಬ್ಬಿದ ನರಕ್ಕೆ ಡಯೋಸ್ಮಿನ್ ಮಾತ್ರೆ: ತಗೊಂಡವರು ಹೇಳಿ

ಪ್ರಶ್ನೆ: ಅಮ್ಮನಿಗೆ 56 ವರ್ಷ. ಬಿಸಿಯೂಟದ ಅಡುಗೆ ಕೆಲಸ, ನಿಂತೇ ಇರಬೇಕು. ಎಡಗಾಲಿನ ಮೀನಖಂಡದಲ್ಲಿ ನರ ಉಬ್ಬಿವೆ, ಸಂಜೆಗೆ ಪಾದ ಊದುತ್ತದೆ. ಡಾಕ್ಟರು ಡಯೋಸ್ಮಿನ್-ಹೆಸ್ಪೆರಿಡಿನ್ ಮಾತ್ರೆ ಬರೆದಿದ್ದಾರೆ. "ಕಿತ್ತಳೆ ಸಿಪ್ಪೆಯದ್ದಂತೆ, ಅದರಿಂದ ಏನಾಗುತ್ತೆ?" ಅಂತಾರೆ ಅಮ್ಮ. ಯಾರಿಗಾದರೂ ಗುಣ ಕಂಡಿದೆಯಾ?

ಉತ್ತರ: ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ನನಗೂ ಇದೇ ತೊಂದರೆ. ಸಂಜೆ ಕಾಲುಚೈನು ಚರ್ಮಕ್ಕೆ ಒತ್ತಿ ಗುರುತು ಬೀಳುತ್ತಿತ್ತು. ರಾತ್ರಿ ಮೀನಖಂಡ ಹಿಡಿದುಕೊಂಡು ನಿದ್ದೆ ಇಲ್ಲ. ಈ ಮಾತ್ರೆಯಿಂದ ನನಗೆ ನಿಜವಾಗಿಯೂ ಅನುಕೂಲ ಆಗಿದೆ. ಆದರೆ ಮೊದಲ ವಾರ ಏನೂ ಗೊತ್ತಾಗಲಿಲ್ಲ. ಭಾರ, ಊತ ನಿಧಾನಕ್ಕೆ ಇಳಿದವು. ಉಬ್ಬಿದ ನರ ಮಾತ್ರ ಹಾಗೇ ಇವೆ. ಅದು ಮಾತ್ರೆಯಿಂದ ಹೋಗುವುದಿಲ್ಲ, ಅಮ್ಮನಿಗೆ ಮೊದಲೇ ಹೇಳಿಬಿಡಿ.

ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಲ್ಲಿ ಹೆಸ್ಪೆರಿಡಿನ್ ಇರುವುದು ನಿಜ. ಡಯೋಸ್ಮಿನ್ನನ್ನೂ ಅದರಿಂದಲೇ ತಯಾರಿಸುತ್ತಾರೆ. 500 ಮಿ.ಗ್ರಾಂ. ಮಾತ್ರೆಯಲ್ಲಿ 450 ಡಯೋಸ್ಮಿನ್, 50 ಹೆಸ್ಪೆರಿಡಿನ್. ಕಾಲಿಗೆ ಸಾಮಾನ್ಯವಾಗಿ ದಿನಕ್ಕೆ 1000 ಮಿ.ಗ್ರಾಂ. ಕೊಡುತ್ತಾರೆ. ರಕ್ತನಾಳದ ಗೋಡೆಗೆ ಬಿಗಿ ಬರುತ್ತದೆ, ನೀರು ಸೋರುವುದು ಕಡಿಮೆಯಾಗುತ್ತದೆ. ಸುಮ್ನೆ ಹಣ್ಣು ತಿಂದರೆ ಅಷ್ಟು ಸಿಗುವುದಿಲ್ಲ. ಊಟವಾದ ಮೇಲೆ ತಗೊಳ್ಳಲಿ, ಇಲ್ಲದಿದ್ದರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ.

ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್) ಆಗಿದೆಯಾ? ಇಲ್ಲ ಅಂದ್ರೆ ದಯವಿಟ್ಟು ಕೇಳಿ ಮಾಡಿಸಿ. ನರದೊಳಗೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಎಷ್ಟು ಕೆಟ್ಟಿದೆ ಅಂತ ಅದರಲ್ಲೇ ತಿಳಿಯುವುದು.

ಇನ್ನೊಬ್ಬರು: ಮಾತ್ರೆ ಜೊತೆ ಬಿಗಿ ಕಾಲುಚೀಲವೂ ಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹಾಕಬೇಕು, ಊದಿದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ. ಶುಗರ್ ಇದ್ದರೆ ಡಾಕ್ಟರನ್ನು ಕೇಳಿಯೇ ಹಾಕಿ.

ಮತ್ತೊಬ್ಬರು: ನಮ್ಮ ಮಾವನವರಿಗೆ ಇದನ್ನೇ ಮೂಲವ್ಯಾಧಿಗೆ ಕೊಟ್ಟಿದ್ದರು. ಅದಕ್ಕೆ ಮೊದಲ 4 ದಿನ ಡೋಸ್ ಜಾಸ್ತಿ, ಆಮೇಲೆ ಇಳಿಸುತ್ತಾರೆ. ಹಾಗಾಗಿ ಬೇರೆಯವರ ಚೀಟಿ ನೋಡಿ ತಗೊಳ್ಳಬೇಡಿ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಜಾಸ್ತಿ ಊದಿ, ಬಿಸಿಯಾಗಿ ನೋವು ಬಂದರೆ ಹೆಪ್ಪುಗಟ್ಟಿದ ರಕ್ತ ಇರಬಹುದು. ಆಗ ಕಾಲು ಉಜ್ಜುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.