ವಿಜಯಪುರದ ಉಪಗ್ರಹ ನಕ್ಷೆ: ಊರು ಹಸಿರು, ಎರೆ ಹೊಲ ಕೆಂಪು! ಯಾಕೆ ಹೀಗೆ?

ಟಿಕೋಟಾ ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಭೂಗೋಳದ ಪ್ರಾಜೆಕ್ಟಿಗೆ ವಿಜಯಪುರ ನಗರದ ಪರಿಸರ ಎಷ್ಟು ಬದಲಾಗಿದೆ ಅಂತ ನೋಡುತ್ತಿದ್ದೇನೆ. 2009 ಮತ್ತು 2024ರ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು, ಎರಡೂ ಏಪ್ರಿಲ್‌ನವು. ಆಗ ಮೋಡದ ಕಾಟ ಕಡಿಮೆ ಅಲ್ವಾ. ಉಪಗ್ರಹ ಚಿತ್ರಗಳ ಲೆಕ್ಕ ಮಾಡುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಆರ್‌ಎಸ್‌ಇಐ ಎಂಬ ಪರಿಸರ ಸೂಚ್ಯಂಕ ಮಾಡಿದೆ. ಹಸಿರು, ತೇವ, ಒಣನೆಲ, ಬಿಸಿ ನಾಲ್ಕನ್ನೂ ಪಿಸಿಎ (ಹಲವು ಅಳತೆಗಳನ್ನು ಕೆಲವೇ ಮುಖ್ಯ ಘಟಕಗಳಿಗೆ ಇಳಿಸುವ ಲೆಕ್ಕ) ಮೂಲಕ ಒಂದೇ ಅಂಕಕ್ಕೆ ತರುವ ವಿಧಾನ ಅದು.

ನಕ್ಷೆಯಲ್ಲಿ ಸ್ಟೇಷನ್ ರಸ್ತೆಯ ಸುತ್ತಮುತ್ತ ಹಸಿರು ಬಣ್ಣ, ಅಂದರೆ ‘ಚೆನ್ನಾಗಿದೆ’. ಊರ ಹೊರಗಿನ ಎರೆ (ಕರಿ ಮಣ್ಣಿನ) ಹೊಲಗಳೆಲ್ಲ ಕೆಂಪು, ಅಂದರೆ ‘ತೀರಾ ಕೆಟ್ಟಿದೆ’. ಅಪ್ಪ ಲ್ಯಾಪ್‌ಟಾಪಿಗೆ ಇಣುಕಿ, ‘ಜೋಳ ಬೆಳೆಯೋ ಹೊಲ ಕೆಟ್ಟದ್ದು, ಸಿಮೆಂಟು ಒಳ್ಳೇದು. ಛಲೋ ಓದಿದಿ ಬಿಡವ್ವ’ ಅಂತ ಎದ್ದು ಹೋದರು.

ಸಾಲದ್ದಕ್ಕೆ 2024ರಲ್ಲಿ ಸರಾಸರಿ ಅಂಕವೂ ಇಳಿದಿದೆ. ಊರಲ್ಲಿ ಇಷ್ಟು ಗಿಡ ನೆಟ್ಟ ಮೇಲೂ ಇಳಿಯುತ್ತದಾ? ಪಿಸಿಎ ತಿರುವುಮುರುವಾಗಿದೆಯಾ?

ಕೋಟೆಕೆರೆ, ಬೆಳಗಾವಿ:
ತಂಗಿ, ತಿರುವುಮುರುವಾಗಿದ್ದರೆ ಊರೊಳಗಿನ ಮರಗಳೂ ಕೆಂಪಾಗಬೇಕಿತ್ತು. ಪಿಸಿಎಯ ಮೊದಲ ಘಟಕದಲ್ಲಿ ಹಸಿರು-ತೇವಕ್ಕೆ ಒಂದು ಚಿಹ್ನೆ, ಬಿಸಿ-ಒಣನೆಲಕ್ಕೆ ಅದರ ವಿರುದ್ಧ ಚಿಹ್ನೆ ಇದ್ದರೆ ಕೋಡ್ ಸರಿ ಇದೆ.

ಎಡವಟ್ಟು ಏಪ್ರಿಲ್‌ದು. ಆ ಹೊತ್ತಿಗೆ ಹಿಂಗಾರಿ ಜೋಳ, ಕಡಲೆ ಎಲ್ಲ ಕೊಯ್ದು ಹೊಲ ಬರಿದಾಗಿರುತ್ತದೆ. ಲ್ಯಾಂಡ್‌ಸ್ಯಾಟ್ ಹಾದುಹೋಗುವುದು ಬೆಳಗ್ಗೆ ಹತ್ತು-ಹನ್ನೊಂದರ ನಡುವೆ. ಅಷ್ಟರಲ್ಲೇ ಕರಿ ಮಣ್ಣು ಹಂಚಿನಂತೆ ಕಾದಿರುತ್ತದೆ. ಊರಲ್ಲಿ ಬೇವಿನ ಮರ ಇದೆ, ಕಟ್ಟಡಗಳ ನೆರಳಿದೆ. ಹಾಗಾಗಿ ಹಗಲಲ್ಲಿ ಊರೇ ತಂಪು. ರಾತ್ರಿಯ ಕಥೆ ಬೇರೆ. ಅದಲ್ಲದೆ ಒಣನೆಲದ ಅಂಕದಲ್ಲಿ ಕಟ್ಟಡವನ್ನೂ ಬರಿ ಮಣ್ಣನ್ನೂ ಕೂಡಿಸಿ ಸರಾಸರಿ ಮಾಡುತ್ತಾರೆ. ಮುಂಗಾರಿಗೆ ಕಾದು ಕೂತ ಹೊಲ ಅದರ ಕಣ್ಣಿಗೆ ಹಾಳುಬಿದ್ದ ನೆಲವೇ. 2013ರಲ್ಲಿ ಚೀನಾದ ಷು ಹಾನ್‌ಚ್ಯು ಈ ಸೂಚ್ಯಂಕವನ್ನು ರೂಪಿಸಿ ಪ್ರಯೋಗಿಸಿದ್ದು ಫುಜೌ ಎಂಬ ಮಳೆ ಜಾಸ್ತಿ ಇರುವ ಊರಿನಲ್ಲಿ. ನಿಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಬಂದರೆ ಹಬ್ಬ.

ಇಳಿಕೆಯ ವಿಷಯ. 2024ರ ಏಪ್ರಿಲ್ ಅಂದರೆ 2023ರ ಬರದ ಮುಂದಿನ ಬೇಸಿಗೆ. ಮಳೆಯ ಪಾಲು ಎಷ್ಟು ಅಂತ ನೋಡದೆ ಗಿಡದ ಮಾತು ಎತ್ತಬೇಡಿ. ಡಿಸೆಂಬರ್-ಜನವರಿಯ ಚಿತ್ರ ತಗೊಳ್ಳಿ, ಹಿಂಗಾರಿ ಬೆಳೆ ನಿಂತಿರುತ್ತದೆ. ಒಂದೇ ವರ್ಷ ನಂಬದೆ ಅಕ್ಕಪಕ್ಕದ ಮೂರು ವರ್ಷ ಸೇರಿಸಿ. 2012 ಮಾತ್ರ ಬೇಡ. ಲ್ಯಾಂಡ್‌ಸ್ಯಾಟ್ 5ರ ಚಿತ್ರಗಳು 2011ರ ಕೊನೆಗೆ ನಿಂತವು, 8 ಹಾರಿದ್ದು 2013ರಲ್ಲಿ. ನಡುವೆ ಇದ್ದದ್ದು 7, ಅದರ ಚಿತ್ರಗಳಲ್ಲಿ 2003ರಿಂದ ಬರೀ ಖಾಲಿ ಪಟ್ಟೆ.

ಒಂದು ಪ್ರಶ್ನೆ: ಕನಿಷ್ಠ ಬೆಲೆಗೆ 0, ಗರಿಷ್ಠಕ್ಕೆ 1 ಎಂದು ಹಾಕುವ ಅಳತೆಯನ್ನು ಎರಡೂ ವರ್ಷಕ್ಕೆ ಬೇರೆ ಬೇರೆ ಹಾಕಿದ್ದೀರಾ?

ಟಿಕೋಟಾ ಹುಡುಗಿ:
ಹೌದು ಅಣ್ಣ, ಬೇರೆ ಬೇರೆ. ಸಿಕ್ಕ ಕೋಡ್‌ಗಳಲ್ಲೆಲ್ಲ ಹಾಗೇ ಇತ್ತು.

ಕೋಟೆಕೆರೆ, ಬೆಳಗಾವಿ:
ಹಾಗಾದರೆ ಎರಡು ವರ್ಷದ ಅಂಕಗಳ ಅಳತೆಗೋಲೇ ಬೇರೆ, ಆ ಇಳಿಕೆಗೆ ಅರ್ಥವೇ ಇಲ್ಲ. ಎರಡಕ್ಕೂ ಒಂದೇ ಕನಿಷ್ಠ, ಒಂದೇ ಗರಿಷ್ಠ ಇಡಿ. ಪಿಸಿಎಯನ್ನೂ ಒಟ್ಟಿಗೇ ಮಾಡಿ. ತೇವದ ಲೆಕ್ಕಕ್ಕೆ ಬಳಸುವ ಗುಣಾಂಕಗಳು ಮಾತ್ರ ಲ್ಯಾಂಡ್‌ಸ್ಯಾಟ್ 5ಕ್ಕೆ ಬೇರೆ, 8ಕ್ಕೆ ಬೇರೆ.

ನವನಗರದವ, ಬಾಗಲಕೋಟೆ:
ಕೆರೆಗಳನ್ನು ಮೊದಲೇ ಕತ್ತರಿಸಿ ತೆಗೆಯಿರಿ. ಭೂತನಾಳ, ಬೇಗಂ ತಲಾಬ್ ಎಲ್ಲ. ನೀರು ಒಳಗಿದ್ದರೆ ತೇವದ ಅಂಕವನ್ನು ಅದೇ ಎಳೆದುಬಿಡುತ್ತದೆ. ನಮ್ಮಲ್ಲಂತೂ ಆಲಮಟ್ಟಿ ಹಿನ್ನೀರು ಊರ ಬಾಗಿಲಿಗೇ ಇದೆ. ಅದನ್ನು ತೆಗೆಯದಿದ್ದರೆ ಮುಳುಗಿದ ಹಳೇ ಬಾಗಲಕೋಟೆಯ ಓಣಿಗಳು ನಕ್ಷೆಯಲ್ಲಿ ‘ಪರಿಸರ ಸುಧಾರಣೆ’ ಅಂತ ಬರುತ್ತವೆ!

ದ್ರಾಕ್ಷಿ ಪಡ:
ನನಗೆ ಪಿಸಿಎ ಗಿಸಿಎ ತಿಳಿಯದು. ಆದರೆ ಏಪ್ರಿಲ್‌ನಲ್ಲಿ ದ್ರಾಕ್ಷಿಗೆ ಚಾಟ್ನಿ ಮಾಡುತ್ತೇವೆ, ಅಂದರೆ ಬಳ್ಳಿ ಸವರುತ್ತೇವೆ, ಬಳ್ಳಿಯಲ್ಲಿ ಒಂದು ಎಲೆ ಇರುವುದಿಲ್ಲ. ನಿಮ್ಮ ಉಪಗ್ರಹಕ್ಕೆ ನನ್ನ ದ್ರಾಕ್ಷಿ ತೋಟವೂ ಬೀಳು ಭೂಮಿ. ಊರ ಖಾಲಿ ಸೈಟಿನ ಬಳ್ಳಾರಿ ಜಾಲಿ ಮಾತ್ರ ಬೇಸಿಗೆಯಲ್ಲೂ ಹಸಿರು. ಅದಕ್ಕೂ ‘ಚೆನ್ನಾಗಿದೆ’ ಅಂತಲೇ ಅಂಕ ಬಂದಿರಬೇಕು, ಹೋಗಿ ನೋಡವ್ವ. ಮತ್ತೆ ಮುಳವಾಡ ಏತ ನೀರಾವರಿ ನೀರು ಬಂದ ಮೇಲೆ ಹೊಲಗಳ ಬಣ್ಣವೇ ಬೇರೆ. ಅದನ್ನು ನಗರದ ಗಿಡಗಳ ಖಾತೆಗೆ ಹಾಕಬೇಡ.

ಟಿಕೋಟಾ ಹುಡುಗಿ:
ಕಾಕಾ, ಹೊಸ ನಕ್ಷೆಯಲ್ಲಿ ಪಾಲಿಕೆ ಗಡಿಯೊಳಗಿನದಷ್ಟೇ ಲೆಕ್ಕ ಹಾಕುತ್ತೇನೆ, ಹೊಲಗಳದ್ದು ಬೇರೆ. ಜನವರಿಯ ಚಿತ್ರಗಳನ್ನು ಇಳಿಸಲು ಹಾಕಿದ್ದೇನೆ. ಹಸಿರು ಬಂದ ಜಾಗಕ್ಕೆಲ್ಲ ಭಾನುವಾರ ಸ್ಕೂಟಿ ತಗೊಂಡು ಹೋಗಿ, ಬೇವು ಎಲ್ಲಿ, ಜಾಲಿ ಎಲ್ಲಿ ಅಂತ ಗುರುತು ಹಾಕಿಕೊಂಡು ಬರುತ್ತೇನೆ.