ಬಿದ್ದ ಹಲಸಿನ ಮರದ ಸೀತಾಳೆ ದಂಡೆ ಉಳಿಸಿಕೊಳ್ಳುವುದು ಹೇಗೆ?

ಸಾಗರ ಕಡೆಯಿಂದ, ಪ್ರಶ್ನೆ:
ಮೊನ್ನೆಯ ಗಾಳಿಮಳೆಗೆ ಹಿತ್ತಲಿನ ಹಳೇ ಹಲಸಿನ ಮರ ಬುಡಸಮೇತ ಉರುಳಿತು. ಅದರ ಕೊಂಬೆಯ ಮೇಲೆ ಸೀತಾಳೆ ದಂಡೆ ಎನ್ನುವ ಆರ್ಕಿಡ್‌ನ ಮೂರ್ನಾಲ್ಕು ಗಿಡಗಳಿವೆ, ಅಜ್ಜಿಯ ಕಾಲದವು. ಮರ ಕೊಯ್ಯುವವರು ಈ ವಾರವೇ ಬರುತ್ತಾರೆ. ಕುಂಡದಲ್ಲಿ ಮಣ್ಣು ಹಾಕಿ ನೆಡಬಹುದಾ? ಬೆಂಗಳೂರಿನ ತಂಗಿಯೂ ಬಾಲ್ಕನಿಗೆ ಒಂದು ಕೇಳುತ್ತಿದ್ದಾಳೆ. ಬೆಳೆಸಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಶಿರಸಿ ಕಡೆಯಿಂದ:
ಅಕ್ಕಾ, ಮಣ್ಣು ಮಾತ್ರ ಬೇಡ. ಗಾಳಿಗೆ ಬೇರು ಬಿಟ್ಟು ಬದುಕುವ ಗಿಡ ಇದು, ಮಣ್ಣಲ್ಲಿ ಹೂತರೆ ಮಳೆಗಾಲ ಮುಗಿಯುವುದರೊಳಗೆ ಬೇರೆಲ್ಲ ಕೊಳೆತುಹೋಗುತ್ತದೆ. ಕೊಂಬೆಯಿಂದ ಕೀಳಲೂ ಹೋಗಬೇಡಿ. ಗಿಡ ಕೂತ ಜಾಗದ ಆಚೀಚೆ ಒಂದೊಂದು ಮೊಳ ಬಿಟ್ಟು ಕೊಂಬೆಯನ್ನೇ ತುಂಡು ಮಾಡಿಕೊಡಲು ಮರ ಕೊಯ್ಯುವವರಿಗೆ ಹೇಳಿ. ಆ ತುಂಡನ್ನು ಹಾಗೇ ಒಯ್ದು ಮಾವಿನ ಮರಕ್ಕೋ ಇನ್ನೊಂದು ಹಲಸಿಗೋ ಬಿಗಿಯಾಗಿ ಕಟ್ಟಿ. ಹಳೇ ತುಂಡು ಲಡ್ಡಾಗಿ ಉದುರುವ ಹೊತ್ತಿಗೆ ಹೊಸ ಬೇರು ಆ ಮರವನ್ನು ಹಿಡಿದಿರುತ್ತದೆ. ಪೇರಲೆ, ನೀಲಗಿರಿ ಬೇಡ. ಸಿಪ್ಪೆ ಸುಲಿಯುವ ಮರದಲ್ಲಿ ಬೇರು ನಿಲ್ಲುವುದಿಲ್ಲ.

ಕಟ್ಟುವಾಗ ಗಿಡದ ಸುಳಿ ಸ್ವಲ್ಪ ಹೊರಕ್ಕೆ ಬಾಗಿರಲಿ. ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ನಡುವಿನ ಎಲೆ ಕಪ್ಪಾಗಿ ಕೈಗೇ ಬರುತ್ತದೆ. ಒಂದೇ ಕಾಂಡದಲ್ಲಿ ಮೇಲಕ್ಕೆ ಬೆಳೆಯುವ ಜಾತಿಯಾದ್ದರಿಂದ ಸುಳಿ ಹೋಯಿತೆಂದರೆ ಬುಡದಲ್ಲಿ ಮರಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೇರನ್ನು ಹತ್ತಿರದಿಂದ ನೋಡುವುದು ರೂಢಿ ಮಾಡಿಕೊಳ್ಳಿ, ಗಿಡದ ಸ್ಥಿತಿ ಎಲ್ಲ ಅಲ್ಲೇ ಕಾಣುತ್ತದೆ. ಒಣಗಿದಾಗ ಬೂದಿಬಣ್ಣ. ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರಾಗುತ್ತದೆ, ಮೇಲಿನ ಸ್ಪಂಜಿನಂಥ ಪದರ ನೀರು ಕುಡಿಯುವುದು ಹಾಗೆ. ತುದಿಯಲ್ಲಿ ಒಂದು ಉಗುರಿನಷ್ಟು ಎಳೆಹಸಿರು ಹೊಳೆಯುತ್ತಿದ್ದರೆ ಬೇರು ಬೆಳೆಯುತ್ತಿದೆ ಅಂತ ಅರ್ಥ. ಒತ್ತಿದರೆ ಮೆತ್ತಗಾಗಿ ಒಳಗಿನ ನಾರು ಮಾತ್ರ ಉಳಿಯುವ ಬೇರು ಸತ್ತಂತೆ, ಅದನ್ನಷ್ಟೇ ಕತ್ತರಿಸಿ. ಮಳೆ ಹಿಡಿದ ಹೊತ್ತಲ್ಲಿ ಜಾಗ ಬದಲಿಸುತ್ತಿದ್ದೀರಿ, ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೂ ಬೇರು ಕದಲಿದ್ದಕ್ಕೆ ಮುಂದಿನ ಬೇಸಿಗೆ ಹೂ ಬಿಡದಿದ್ದರೆ ಗಾಬರಿಯಾಗಬೇಡಿ.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಇದನ್ನು ಬಂದಳಿಕೆ ಅಂದುಕೊಂಡು ಕಿತ್ತೆಸೆಯುತ್ತಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ದಂಡೆಗೆ ಮರ ಬೇಕಾದದ್ದು ಕೂರಲು ಮಾತ್ರ. ನಿಮ್ಮ ಮನೆಯವರಿಗೂ ಅಕ್ಕಪಕ್ಕದವರಿಗೂ ಇದನ್ನು ದಯವಿಟ್ಟು ಹೇಳಿ.

ಮೂಡಿಗೆರೆಯಿಂದ:
ಶಿರಸಿಯವರು ಹೇಳಿದ್ದು ಸರಿ. ನಮ್ಮಲ್ಲಿ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವುದು) ಮಾಡುವಾಗ ಕೊಂಬೆ ಜೊತೆ ಇವೂ ನೆಲಕ್ಕೆ ಬೀಳುತ್ತವೆ. ಆರಿಸಿ ತಂದು ತೆಂಗಿನ ಸಿಪ್ಪೆ ಒತ್ತಿಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ನೆರಳು ಮರಗಳಿಗೆ ಕಟ್ಟಿಸುತ್ತೇನೆ. ಸಿಪ್ಪೆ ತೆಳ್ಳಗೆ ಸಾಕು, ನಮ್ಮ ಮಳೆಗೆ ದಪ್ಪ ಹಾಕಿದರೆ ನೀರು ಹಿಡಿದು ಕೊಳೆಸುತ್ತದೆ. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ದಿನ ಎಳೇ ಬೇರಿಗೆ ಬೀಳದಂತೆ ನೋಡಿಕೊಳ್ಳಿ. ಮಳೆಗಾಲದ ರಾತ್ರಿ ಬ್ಯಾಟರಿ ಹಿಡಿದು ಒಂದು ಸುತ್ತು ಬನ್ನಿ. ಬಸವನಹುಳು ಬೇರಿನ ತುದಿಯನ್ನೇ ತಿನ್ನುತ್ತದೆ.

ಬೆಂಗಳೂರಿನಿಂದ:
ತಂಗಿಯವರಿಗೆ: ಮರದ ಪಟ್ಟಿಯ ತೂಗುಬುಟ್ಟಿ, ಅದರಲ್ಲಿ ದಪ್ಪ ಇದ್ದಿಲು, ನಾಲ್ಕು ಇಟ್ಟಿಗೆ ಚೂರು. ಇಷ್ಟೇ. ಪೂರ್ವದ ಬಾಲ್ಕನಿ ಒಳ್ಳೆಯದು. ಇಲ್ಲಿ ಹೆಚ್ಚಿನವರ ಗಿಡ ಹೂ ಬಿಡದಿರುವುದು ಬೆಳಕು ಸಾಲದೆ. ಎಲೆ ಕಡುಹಸಿರಾಗಿ ಉದ್ದಕ್ಕೆ ಜೋತರೆ ಬೆಳಕು ಕಡಿಮೆ, ಹಳದಿಗೆ ತಿರುಗಿದರೆ ಬಿಸಿಲು ಜಾಸ್ತಿ. ಬೋರ್‌ವೆಲ್ ನೀರು ಬೇರಿನ ಮೇಲೆ ಬಿಳಿ ಉಪ್ಪು ಕಟ್ಟಿಸುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳಲಿ. ಮಾರ್ಚ್‌ನಿಂದ ಬೆಳಿಗ್ಗೆ ದಿನಾ ನೀರು ಬೇಕು, ಸಂಜೆಗೆ ಎಲೆ ಒಣಗಿರಬೇಕು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದರೂ ಪೂರ್ತಿ ನಿಲ್ಲಿಸಬಾರದು. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವುದು) ಲೀಟರ್ ನೀರಿಗೆ ಅರ್ಧ ಗ್ರಾಂ, ಬೇರು ಬೆಳೆಯುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು.

ಗುವಾಹಟಿಯಿಂದ, ಊರು ತೀರ್ಥಹಳ್ಳಿ:
ಅಸ್ಸಾಮಿನ ರಾಜ್ಯಪುಷ್ಪ ಇದೇ ಹೂವು, ಇಲ್ಲಿ ಕೊಪೌ ಅನ್ನುತ್ತಾರೆ. ಏಪ್ರಿಲ್‌ನ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿದು ಕುಣಿಯುವುದನ್ನು ನೋಡಿದಾಗ ನಮ್ಮಮ್ಮ ಮದುವೆಮನೆಗೆ ಮುಡಿದುಕೊಂಡು ಹೋಗುತ್ತಿದ್ದುದು ನೆನಪಾಯಿತು. ಇಲ್ಲಿ ಮನೆಯಂಗಳದ ಮರಗಳಿಗೆ ಕಟ್ಟಿ ಬೆಳೆಸಿಕೊಂಡಿದ್ದಾರೆ. ನಮ್ಮೂರಲ್ಲೂ ಹಾಗಾಗಲಿ ಅಂತ ಆಸೆ. ಮರ ಬೀಳದೆ ನಮ್ಮಂಥವರಿಗೆ ಗಿಡ ಸಿಗುವುದು ಎಲ್ಲಿ?

ಶಿರಸಿ ಕಡೆಯಿಂದ, ಮತ್ತೆ:
ಕಾಡಿಂದ ತರುವುದಂತೂ ಬೇಡ. ಮೀಸಲು ಅರಣ್ಯದಿಂದ ಕೀಳುವುದು ಅಪರಾಧ, ಆರ್ಕಿಡ್ ಕುಟುಂಬವಿಡೀ ದೇಶದೇಶಗಳ ನಡುವೆ ಕಾಡು ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲೂ ಇದೆ. ಕಾನೂನು ಒತ್ತಟ್ಟಿಗಿರಲಿ, ಇದು ಮತ್ತೆ ಹುಟ್ಟುವ ಪರಿ ನೋಡಿ. ಒಂದು ಕಾಯಲ್ಲಿ ಧೂಳಿನಂಥ ಬೀಜ ಲೆಕ್ಕವಿಲ್ಲದಷ್ಟು, ಆದರೆ ಬೀಜದೊಳಗೆ ಆಹಾರವೇ ಇಲ್ಲ. ತೊಗಟೆಯಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿದರೆ ಮಾತ್ರ ಮೊಳಕೆ, ಆಮೇಲೆ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ರಸ್ತೆಬದಿಯಲ್ಲಿ ಬೇರು ಕತ್ತರಿಸಿ ಕಟ್ಟು ಕಟ್ಟಿ ಮಾರುವುದನ್ನು ಕೊಂಡರೆ ನಾಳೆ ಇನ್ನೊಂದು ಮರ ಬೋಳಾಗುತ್ತದೆ. ಲ್ಯಾಬಿನ ಬಾಟಲಿಯಲ್ಲಿ ಬೀಜದಿಂದ ಬೆಳೆಸಿದ ಸಸಿ ಮಾರುವ ನರ್ಸರಿಗಳಿವೆ, ಅಲ್ಲಿ ಕೇಳಿ ತೆಗೆದುಕೊಳ್ಳಿ.

ಸಾಗರದ ಅಕ್ಕಾ, ಗಿಡಗಳಲ್ಲಿ ಕಾಯಿ ಕಟ್ಟಿದ್ದರೆ ಈ ವರ್ಷ ತೆಗೆದುಬಿಡಿ, ಆ ಶಕ್ತಿ ಬೇರಿಗೆ ಹೋಗಲಿ. ತಂಗಿಗೆ ಅತಿ ಚಿಕ್ಕದನ್ನು ಕೊಡಿ, ದೊಡ್ಡವು ಊರಲ್ಲೇ ಇರಲಿ. ಬಸ್ಸಿನಲ್ಲಿ ಕಳಿಸುವುದಾದರೆ ಪ್ಲಾಸ್ಟಿಕ್ ಚೀಲ ಬೇಡ. ಬೇರು ಒಣಗಿದ ಮೇಲೆ ಸುದ್ದಿಪತ್ರಿಕೆಯಲ್ಲಿ ಸಡಿಲವಾಗಿ ಸುತ್ತಿ, ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿಡಿ. ಎರಡು ದಿನ ನೀರಿಲ್ಲದಿದ್ದರೂ ಏನೂ ಆಗುವುದಿಲ್ಲ.