ಐಸಿಯು ರೋಗಿಗೆ ಆರನೇ ದಿನ ಭೇದಿ: ಫೀಡ್ ನಿಲ್ಲಿಸಬೇಕಾ?

ರಾತ್ರಿಪಾಳಿ_ನರ್ಸ್:
ವೆಂಟಿಲೇಟರ್ ಮೇಲಿರುವ ರೋಗಿ, ದಾಖಲಾಗಿ ಇಂದಿಗೆ ಆರನೇ ದಿನ. ಕಳೆದ 24 ಗಂಟೆಯಲ್ಲಿ ಆರು ಸಲ ನೀರಿನಂಥ ಮಲ, ರಕ್ತ ಇಲ್ಲ. ಹೊಟ್ಟೆ ಮೆತ್ತಗಿದೆ. ಜ್ವರ 37.8 ಡಿಗ್ರಿ ಸೆಲ್ಸಿಯಸ್, ಬಿಳಿ ರಕ್ತಕಣ 11,000. ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಹೋಗುವ ನಳಿಕೆ) ಫೀಡ್, ಅಂದರೆ ದ್ರವ ಆಹಾರ, ಗಂಟೆಗೆ 60 ಮಿ.ಲೀ. ಹೋಗ್ತಿದೆ. ಆ್ಯಂಟಿಬಯಾಟಿಕ್ ಪೈಪರಾಸಿಲಿನ್-ಟಾಜೋಬ್ಯಾಕ್ಟಮ್ ಐದನೇ ದಿನ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಇದೆ. ಟ್ಯೂಬಿನಲ್ಲಿ ಪ್ಯಾರಾಸಿಟಮಾಲ್ ಸಿರಪ್ 20 ಮಿ.ಲೀ. ನಾಲ್ಕು ಸಲ, ಪೊಟ್ಯಾಸಿಯಮ್ ಕ್ಲೋರೈಡ್ ಸಿರಪ್ 15 ಮಿ.ಲೀ. ಮೂರು ಸಲ, ರಾತ್ರಿ ಲ್ಯಾಕ್ಟುಲೋಸ್ (ಮಲ ಸಡಿಲಿಸುವ ಔಷಧಿ) 20 ಮಿ.ಲೀ. ಫೀಡ್ ನಿಲ್ಲಿಸಿ ಸ್ಟೂಲ್ ಕಲ್ಚರ್ (ಮಲದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸೋಣ, ಭೇದಿ ನಿಲ್ಲಿಸುವ ಲೋಪೆರಮೈಡ್ ಶುರು ಮಾಡೋಣ ಅನ್ನುವ ಮಾತು ನಡೆದಿದೆ. ಇದು ಸರಿಯಾ?

ಔಷಧಿ_ಚಾರ್ಟ್:
ಸಿಸ್ಟರ್, ಫೀಡ್ ಮುಟ್ಟಬೇಡಿ. ಮೊದಲು ಲ್ಯಾಕ್ಟುಲೋಸ್ ನಿಲ್ಲಿಸಿ. ಮೊದಲೆರಡು ದಿನ ಮಲ ಆಗಲಿಲ್ಲ ಅಂತ ಬರೆದದ್ದು ಚಾರ್ಟಿನಲ್ಲಿ ಹಾಗೇ ಮುಂದುವರಿದಿರಬೇಕು. ಐಸಿಯು ಭೇದಿಯಲ್ಲಿ ಸೋಂಕಿಗಿಂತ ಔಷಧಿಯ ಪಾಲೇ ದೊಡ್ಡದು, ಆದರೂ ಎಲ್ಲರ ಕಣ್ಣು ಮೊದಲು ಹೋಗೋದು ಫೀಡ್ ಬ್ಯಾಗಿನ ಮೇಲೆ.

ಆಮೇಲೆ ಸಿರಪ್ ಬಾಟಲಿ ತಿರುಗಿಸಿ, ಲೇಬಲ್‌ನಲ್ಲಿ ಸಾರ್ಬಿಟಾಲ್ (ಸಿಹಿಗೆ ಹಾಕುವ ಸಕ್ಕರೆಯಂಥ ವಸ್ತು) ಇದೆಯಾ ನೋಡಿ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ 80 ಮಿ.ಲೀ. ಪ್ಯಾರಾಸಿಟಮಾಲ್ ಸಿರಪ್ ಒಳಗೆ ಹೋಗ್ತಿದೆ. 5 ಮಿ.ಲೀ.ಗೆ 1 ಗ್ರಾಂ ಸಾರ್ಬಿಟಾಲ್ ಇದ್ದರೂ ಅದು 16 ಗ್ರಾಂ ಆಯ್ತು. 10 ಗ್ರಾಂ ದಾಟಿದರೆ ಹೊಟ್ಟೆ ಉಬ್ಬರ, 20ರ ಹತ್ತಿರ ಬಂದರೆ ಆರೋಗ್ಯವಂತರಿಗೇ ಭೇದಿ. ಕರುಳು ಹೀರಿಕೊಳ್ಳದ ಈ ಸಕ್ಕರೆ ನೀರನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತೆ. ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ, ಇಲ್ಲವೇ ಐ.ವಿ.ಗೆ ಬದಲಿಸಲು ಹೇಳಿ. ಹಾಗಂತ ಎಲ್ಲ ಮಾತ್ರೆ ಪುಡಿ ಮಾಡಬಾರದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನೂ ಎಂಟರಿಕ್ ಲೇಪನದ (ಜಠರದಲ್ಲಿ ಕರಗದ ಲೇಪನದ) ಮಾತ್ರೆಗಳನ್ನೂ ಮುಟ್ಟಬೇಡಿ.

ಪೊಟ್ಯಾಸಿಯಮ್ ಸಿರಪ್ ಬಹಳ ಗಾಢ. ನೇರವಾಗಿ ತಳ್ಳಿದರೆ ಕರುಳಿಗೆ ಉಪ್ಪುನೀರು ಸುರಿದ ಹಾಗೆ. ಪ್ರತಿ ಡೋಸನ್ನೂ ಕನಿಷ್ಠ 100 ಮಿ.ಲೀ. ನೀರಿಗೆ ಕಲಸಿ, ಇಲ್ಲವೇ ಐ.ವಿ. ಕೊಡಲಿ. ಭೇದಿಯಲ್ಲಿ ಪೊಟ್ಯಾಸಿಯಮ್, ಮೆಗ್ನೀಸಿಯಮ್, ಬೈಕಾರ್ಬನೇಟ್ ಮೂರೂ ಸೋರಿಹೋಗುತ್ತವೆ, ಹಾಗಾಗಿ ದಿನಾ ನೋಡಲೇಬೇಕು. ಪ್ಯಾಂಟೊಪ್ರಜೋಲ್ ನಿಜಕ್ಕೂ ಬೇಕಾ ಅಂತಲೂ ರೌಂಡ್ಸ್‌ನಲ್ಲಿ ಕೇಳಿ.

ಇಷ್ಟಾದರೂ ಅನುಮಾನ ಉಳಿದರೆ ಮಲದ ಸೋಡಿಯಂ, ಪೊಟ್ಯಾಸಿಯಮ್ ಅಳೆಸಿ. ಎರಡನ್ನೂ ಕೂಡಿಸಿ, ದುಪ್ಪಟ್ಟು ಮಾಡಿ, 290ರಿಂದ ಕಳೆಯಿರಿ. ಸೋಡಿಯಂ 40, ಪೊಟ್ಯಾಸಿಯಮ್ 35 ಬಂದರೆ 290 ಕಳೆ 150, ಅಂದರೆ 140. 100ಕ್ಕಿಂತ ಹೆಚ್ಚಿದ್ದರೆ ನೀರೆಳೆಯುವ ವಸ್ತುವೊಂದು ಒಳಗಿದೆ ಅಂತ ಅರ್ಥ. 50ಕ್ಕಿಂತ ಕಡಿಮೆ ಇದ್ದರೆ ಕರುಳೇ ನೀರು ಸುರಿಸುತ್ತಿದೆ.

ಸೋಂಕು_ನಿಯಂತ್ರಣ:
ಕಲ್ಚರ್ ಬೇಡ. ದಾಖಲಾಗಿ ಮೂರು ದಿನ ಕಳೆದ ಮೇಲೆ ಶುರುವಾದ ಭೇದಿಯಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾದಂಥ ಬ್ಯಾಕ್ಟೀರಿಯಾ ಸಿಗೋದು ಅಪರೂಪ. ರೋಗನಿರೋಧಕ ಶಕ್ತಿ ತೀರಾ ಕುಂದಿದವರ ಮಾತು ಬೇರೆ. ಇಲ್ಲಿ ಹುಡುಕಬೇಕಾದ ಸೋಂಕು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ್ದು ಒಂದೇ. ಆದರೆ ಲ್ಯಾಕ್ಟುಲೋಸ್ ಕೊಟ್ಟು 48 ಗಂಟೆ ಆಗುವ ಮುಂಚೆ ಆ ಪರೀಕ್ಷೆಯೂ ದಾರಿ ತಪ್ಪಿಸುತ್ತೆ. ಪಿಸಿಆರ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದರೆ ರೋಗಾಣು ಸುಮ್ಮನೆ ವಾಸವಾಗಿದೆಯೋ ರೋಗ ತಂದಿದೆಯೋ ಗೊತ್ತಾಗಲ್ಲ. ಅದಕ್ಕೇ ಜಿಡಿಎಚ್ (ಈ ರೋಗಾಣುವಿನ ಕಿಣ್ವ) ಮತ್ತು ಟಾಕ್ಸಿನ್ (ಅದು ಬಿಡುವ ವಿಷ) ಎರಡನ್ನೂ ನೋಡುವುದು.

ಈ ರೋಗಿಯ ಸ್ಥಿತಿಯಲ್ಲಿ ಲ್ಯಾಕ್ಟುಲೋಸ್, ಸಿರಪ್ ನಿಲ್ಲಿಸಿ ಎರಡು ದಿನ ಕಾಯಬಹುದು. ಆದರೆ ಹೊಟ್ಟೆ ಉಬ್ಬಿದರೆ, ಬಿಳಿ ರಕ್ತಕಣ 15,000 ದಾಟಿದರೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.5 ಮೀರಿದರೆ, ಬಿ.ಪಿ. ಇಳಿದರೆ ಕಾಯಬೇಡಿ, ಕೂಡಲೇ ಡಿಫಿಸಿಲ್ ಪರೀಕ್ಷೆಗೆ ಕಳಿಸಿ. ಉಬ್ಬರದ ಜೊತೆ ಭೇದಿ ಇದ್ದಕ್ಕಿದ್ದಂತೆ ನಿಂತಿತು ಅಂದರೆ ಸಮಾಧಾನ ಪಡಬೇಡಿ, ಕರುಳು ಸ್ತಬ್ಧವಾಗಿರಬಹುದು.

ಡಿಫಿಸಿಲ್ ಸೋಂಕು ಖಚಿತವಾದರೆ ವ್ಯಾಂಕೊಮೈಸಿನ್ 125 ಮಿ.ಗ್ರಾಂ. ದಿನಕ್ಕೆ ನಾಲ್ಕು ಸಲ, 10 ದಿನ, ಟ್ಯೂಬಿನಲ್ಲಿ. ಫಿಡಾಕ್ಸೊಮೈಸಿನ್ ಸಿಗುವ ಕಡೆ ಅದೇ ಮೇಲು. ವ್ಯಾಂಕೊಮೈಸಿನ್ ಐ.ವಿ. ಕೊಟ್ಟರೆ ದೊಡ್ಡ ಕರುಳಿನೊಳಕ್ಕೆ ಇಳಿಯೋದೇ ಇಲ್ಲ, ಈ ತಪ್ಪು ಆಗಾಗ ಆಗುತ್ತೆ. ಬೇರೆ ಆ್ಯಂಟಿಬಯಾಟಿಕ್ ನಿಲ್ಲಿಸಲು ಸಾಧ್ಯವಾದರೆ ನಿಲ್ಲಿಸಿ. ಭೇದಿ ನಿಂತ ಮೇಲೆ ವಾಸಿಯಾಯಿತಾ ಅಂತ ಮತ್ತೆ ಮಲ ಕಳಿಸಬಾರದು. ಸೋಂಕಿಲ್ಲ ಅಂತ ಆಗುವವರೆಗೆ ಲೋಪೆರಮೈಡ್ ಬೇಡ.

ಪರೀಕ್ಷೆ ಕಳಿಸಿದ ಹೊತ್ತಿನಿಂದಲೇ ಗ್ಲೌಸ್, ಗೌನ್. ಕೈಗೆ ಸೋಪು ಮತ್ತು ನೀರೇ ಬೇಕು, ಆಲ್ಕೋಹಾಲ್ ಹ್ಯಾಂಡ್‌ರಬ್ ಈ ರೋಗಾಣುವಿನ ಸ್ಪೋರ್ (ಗಟ್ಟಿ ಕವಚದ ಬೀಜಕ) ಕೊಲ್ಲಲ್ಲ. ಹಾಸಿಗೆಯ ಕಂಬಿ, ಪಂಪಿನ ಗುಂಡಿಗಳನ್ನು ಮೊದಲು ಡಿಟರ್ಜೆಂಟಿನಿಂದ ಒರೆಸಿ, ಮಲದಂಶ ಉಳಿದಿದ್ದರೆ ಕ್ಲೋರಿನ್ ಅದರಲ್ಲೇ ವ್ಯಯವಾಗುತ್ತೆ. ನಂತರ 5% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಳಿಯಿರಿ, ಹತ್ತು ನಿಮಿಷ ಒದ್ದೆಯಾಗಿರಲಿ. ದ್ರಾವಣ ದಿನಾ ಹೊಸದಾಗಿ ಮಾಡಿಕೊಳ್ಳಿ.

ರಾತ್ರಿಪಾಳಿ_ನರ್ಸ್:
ಇಬ್ಬರಿಗೂ ಧನ್ಯವಾದ. ಲ್ಯಾಕ್ಟುಲೋಸ್ ಗಮನಿಸಿರಲಿಲ್ಲ. ಇನ್ನೊಂದು: ಪೃಷ್ಠದ ಚರ್ಮ ಕೆಂಪಾಗ್ತಿದೆ. ಮಲ ಹೊರಗಿನ ಚೀಲಕ್ಕೆ ಹರಿಯುವ ಹಾಗೆ ಗುದದಲ್ಲಿ ಬಲೂನ್ ಟ್ಯೂಬ್ ಹಾಕಬಹುದಾ? ಫೀಡ್ ಅರ್ಧಕ್ಕೆ ಇಳಿಸಲೂ ಬೇಡವಾ?

ಹಿರಿಯ_ಸಿಸ್ಟರ್:
ಇಳಿಸಬೇಡಿ. ಫೀಡ್ ಕಡಿಮೆ ಮಾಡಿದರೆ ರೋಗಿ ಸೊರಗುತ್ತಾರೆ, ಭೇದಿ ಹಾಗೇ ಉಳಿಯುತ್ತೆ. ನಿಲ್ಲಿಸಬೇಕಾದ ಸಂದರ್ಭ ಬೇರೆ: ನಾರ್‌ಅಡ್ರಿನಲಿನ್ (ಬಿ.ಪಿ. ಏರಿಸುವ ಔಷಧಿ) ಡೋಸ್ ಏರುತ್ತಿದೆ, ರಕ್ತದಲ್ಲಿ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾಗ ಹೆಚ್ಚುವ ವಸ್ತು) ಏರುತ್ತಿದೆ, ಹೊಟ್ಟೆ ಬಿಗಿದಿದೆ, ಮಲದಲ್ಲಿ ರಕ್ತ ಇದೆ ಅಂದರೆ ಕರುಳಿಗೆ ರಕ್ತ ಸಾಲುತ್ತಿಲ್ಲವೇನೋ ಅಂತ ನೋಡಬೇಕು. ಆಗ ಫೀಡ್ ನಿಲ್ಲಿಸಿ ಸರ್ಜನ್‌ರನ್ನು ಕರೆಯಿರಿ. ಬ್ಯಾಗಿನ ಶುಚಿ ಮಾತ್ರ ನೋಡಿಕೊಳ್ಳಿ: ಪುಡಿ ಕಲಸಿದ ಫೀಡ್ ನಾಲ್ಕು ಗಂಟೆಗಿಂತ ಹೆಚ್ಚು ತೂಗುಹಾಕಿರಬಾರದು, ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು, ಫೀಡ್ ಹರಿಯುವ ಕೊಳವೆಯ ಸೆಟ್ 24 ಗಂಟೆಗೊಮ್ಮೆ ಬದಲಿಸಿ.

ಬಲೂನ್ ಟ್ಯೂಬ್ ನೀರುಮಲಕ್ಕೆ ಮಾತ್ರ. ಹಾಕುವ ಮುಂಚೆ ಬೆರಳು ಹಾಕಿ ಗುದದ್ವಾರ ಪರೀಕ್ಷಿಸಲೇಬೇಕು. ಒಳಗೆ ಗಟ್ಟಿ ಮಲ ಸಿಕ್ಕಿಕೊಂಡಿದ್ದು ಅದರ ಪಕ್ಕದಿಂದ ನೀರು ಸೋರುವುದೂ ಭೇದಿಯ ಹಾಗೇ ಕಾಣುತ್ತೆ. ಹಾಗಿದ್ದರೆ ಆ ಗಟ್ಟಿ ಮಲ ತೆಗೆಯಬೇಕು, ಟ್ಯೂಬ್ ಹಾಕಬಾರದು. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪ್ಪರಿನ್ ಪೂರ್ತಿ ಡೋಸ್‌ನಲ್ಲಿದ್ದರೆ, ಗುದನಾಳದ ಶಸ್ತ್ರಚಿಕಿತ್ಸೆ ಆಗಿದ್ದರೆ ಬೇಡ, ಬಲೂನ್ ಒತ್ತಿ ಹುಣ್ಣಾಗಿ ಜೋರು ರಕ್ತಸ್ರಾವ ಆಗಬಹುದು. ಬಲೂನಿಗೆ ನೀರು 45 ಮಿ.ಲೀ. ಮೀರಬಾರದು. ಪಕ್ಕದಿಂದ ಸೋರಿತು ಅಂತ ಇನ್ನಷ್ಟು ತುಂಬಿಸುವುದೇ ದೊಡ್ಡ ತಪ್ಪು. ಟ್ಯೂಬ್ ತಿರುಚಿದೆಯಾ, ಕಾಲಿನಡಿ ಸಿಕ್ಕಿದೆಯಾ ಮೊದಲು ನೋಡಿ. ಮಲ ಗಟ್ಟಿಯಾಗತೊಡಗಿದ ದಿನವೇ ತೆಗೆಯಿರಿ.

ಚರ್ಮವನ್ನು ಉಜ್ಜಬೇಡಿ. ಸೋಪಿನ ಬದಲು ಪಿಎಚ್ ಹೊಂದಿಸಿದ ಕ್ಲೆನ್ಸರ್, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಒಣಗಿದ ಮೇಲೆ ಜಿಂಕ್ ಆಕ್ಸೈಡ್ ತೆಳುವಾಗಿ. ಮುಂದಿನ ಸಲ ಮೇಲಿನ ಮಲವನ್ನಷ್ಟೇ ತೆಗೆಯಿರಿ, ಕೆಳಗಿನ ಕ್ರೀಮ್ ಪದರ ಕೆರೆದು ತೆಗೆಯಬೇಡಿ. ಮಡಿಕೆಗಳಲ್ಲಿ ಕೆಂಪಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಚೆದುರಿದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇರಬಹುದು, ಅದಕ್ಕೆ ಕ್ಲೋಟ್ರಿಮಜೋಲ್ ಬೇಕು.